ಸಿಇಟಿಗೆ ಒಂದು ತಿಂಗಳಿದೆ, ಮಗಳು 60ರಲ್ಲಿ 41ಕ್ಕೇ ನಿಲ್ಲುತ್ತಿದ್ದಾಳೆ. ಏನು ಮಾಡಲಿ?

ಪ್ರಶ್ನೆ ಕೇಳಿದವರು: ತೋಟದ ರೈಟರ್, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಾನು ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವಾಗ ಸಿಗುವ ಒಂದು ಕಾಫಿ ತೋಟದಲ್ಲಿ ರೈಟರ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಹಾಜರಿ, ಸಂಜೆ ಚೆಕ್‌ರೋಲ್ (ಹಾಜರಿ ಪಟ್ಟಿ), ವಾರಕ್ಕೊಮ್ಮೆ ಬಟವಾಡೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹಾಗಾಗಿ ನನ್ನ ಪ್ರಶ್ನೆ ತೀರಾ ಸಣ್ಣದು ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮಗಳು ಈ ಸಲ ಸೆಕೆಂಡ್ ಪಿಯು ಸೈನ್ಸ್, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಬೋರ್ಡ್ ಪರೀಕ್ಷೆ ಮುಗಿಯುತ್ತಾ ಬಂತು. ಇನ್ನು ಸಿಇಟಿ. ಅವಳಿಗೆ ಇಂಜಿನಿಯರಿಂಗ್ ಆಸೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಪಿಯುಗೆ ಬಂದ ಮೇಲೆ ಇಂಗ್ಲಿಷ್. ಮೊದಲ ಆರು ತಿಂಗಳು ಮನೆಗೆ ಬಂದು ಅತ್ತಿದ್ದೇ ಜಾಸ್ತಿ. ಈಗ ಪರವಾಗಿಲ್ಲ. ಕಾಲೇಜಿನ ಪರೀಕ್ಷೆಗಳಲ್ಲಿ 80ರ ಮೇಲೆ ಬರುತ್ತೆ.

ತೊಂದರೆ ಇರುವುದು ಸಮಯದ್ದು. ಹಳೇ ಸಿಇಟಿ ಪೇಪರ್ ಇಟ್ಟುಕೊಂಡು ಮನೆಯಲ್ಲಿ ಬರೆಯುತ್ತಾಳೆ. ಒಂದು ಸಬ್ಜೆಕ್ಟಿಗೆ 60 ಪ್ರಶ್ನೆ, 80 ನಿಮಿಷ. ಮ್ಯಾಥ್ಸ್‌ನಲ್ಲಿ 41ನೇ ಪ್ರಶ್ನೆಗೆ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತೆ. ಮೂರು ಸಲ ಬರೆದಳು. 38, 41, 41. ಫಿಸಿಕ್ಸ್‌ನಲ್ಲಿ ಐವತ್ತರ ಹತ್ತಿರ ಹೋಗುತ್ತಾಳೆ. ಬರೆದಿದ್ದರಲ್ಲಿ ಹೆಚ್ಚಿನವು ಸರಿ ಇರುತ್ತೆ. ಆದರೆ ಉಳಿದ 19 ಪ್ರಶ್ನೆ ಓದಿಯೇ ಇರುವುದಿಲ್ಲ.

ಮೈಸೂರಿನಲ್ಲಿ ಒಂದು ತಿಂಗಳ ಕ್ರ್ಯಾಶ್ ಕೋರ್ಸ್ ವಿಚಾರಿಸಿದೆ. ಊಟ ಹಾಸ್ಟೆಲ್ ಸೇರಿ 22 ಸಾವಿರ ಹೇಳಿದರು. ಸಾಲ ಮಾಡಿದರೆ ಆಗುತ್ತೆ. ಆದರೆ ಮಗಳೇ ಬೇಡ ಅನ್ನುತ್ತಿದ್ದಾಳೆ. ದುಡ್ಡಿನ ಮುಖ ನೋಡಿ ಬೇಡ ಅನ್ನುತ್ತಿದ್ದಾಳೋ, ನಿಜವಾಗಿಯೂ ಬೇಡವೋ ಗೊತ್ತಾಗುತ್ತಿಲ್ಲ. ಕೇಳಿದರೆ ಸುಮ್ನೆ ನಗುತ್ತಾಳೆ.

ಇನ್ನೊಂದು ಭಯ. ಅರ್ಜಿ ಹಾಕುವಾಗ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ, ಎರಡೂ ಮೀಸಲಾತಿಗೆ ಹೌದು ಅಂತ ಕೊಟ್ಟಿದ್ದೇವೆ. ಹೈಸ್ಕೂಲು ಸುಂಟಿಕೊಪ್ಪದಲ್ಲಿ ಆಗಿದ್ದು. ನಮ್ಮ ಭಾವ ಒಬ್ಬರು, "ಸುಂಟಿಕೊಪ್ಪ ಪೇಟೆ ಅಲ್ವಾ, ಗ್ರಾಮೀಣ ಹೇಗಾಗುತ್ತೆ, ಆಮೇಲೆ ಸೀಟು ಕ್ಯಾನ್ಸಲ್ ಮಾಡ್ತಾರೆ" ಅಂತ ಹೇಳಿ ಹೋದರು. ಅವತ್ತಿಂದ ನನಗೆ ನಿದ್ದೆ ಇಲ್ಲ. ಅವಳು ಐದನೇ ಕ್ಲಾಸಿನವರೆಗೆ ಓದಿದ ಶಾಲೆಗೂ ಮಕ್ಕಳಿಲ್ಲದೆ ಬಾಗಿಲು ಹಾಕಿದ್ದಾರೆ. ಅಲ್ಲಿನ ಸರ್ಟಿಫಿಕೇಟ್ ಯಾರು ಕೊಡುತ್ತಾರೆ?

ನಮ್ಮ ಲೈನಿನಲ್ಲಿ (ತೋಟದ ಕೆಲಸದವರ ಮನೆ ಸಾಲಿನಲ್ಲಿ) ನೆಟ್‌ವರ್ಕ್ ಇಲ್ಲ. ಕಣದ ಮೂಲೆಯಲ್ಲಿ ನಿಂತರೆ ಎರಡು ಕಡ್ಡಿ ಸಿಗುತ್ತೆ, ಅಲ್ಲಿಂದಲೇ ಟೈಪ್ ಮಾಡುತ್ತಿದ್ದೇನೆ. ಉತ್ತರ ತಡವಾದರೆ ಕ್ಷಮಿಸಿ.

—

ಉತ್ತರ: ಗೋಣಿಕೊಪ್ಪ ಎಕ್ಸ್‌ಪ್ರೆಸ್

ಸರ್, ಎರಡು ಮಾತಿಲ್ಲ, ಕಳಿಸಿ. ಮೈಸೂರಿಗಿಂತ ಮಂಗಳೂರು ಇನ್ನೂ ಒಳ್ಳೇದು. ಮನೆಯಲ್ಲಿ ಕೂತು ರ‍್ಯಾಂಕ್ ಬರುವ ಕಾಲ ಹೋಯಿತು. ಮಕ್ಕಳ ವಿಷಯದಲ್ಲಿ ದುಡ್ಡು ಲೆಕ್ಕ ಹಾಕಬಾರದು.

—

ಉತ್ತರ: ಶನಿವಾರಸಂತೆ ಸಿವಿಲ್

ರೈಟರ್ ಅಂಕಲ್, ನಮಸ್ಕಾರ. ನಾನು 2020ರಲ್ಲಿ ಸಿಇಟಿ ಬರೆದವನು. ನನ್ನದು ಶನಿವಾರಸಂತೆ. ಈಗ ಹಾಸನದ ಕಡೆ ರಸ್ತೆ ಕೆಲಸದ ಸೈಟ್ ಇಂಜಿನಿಯರ್. ಮೇಲಿನವರು ಹೇಳಿದ ಕೋಚಿಂಗ್ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕಥೆ ಕೇಳಿ. ನಿಮ್ಮ ಮಗಳಿಗೂ ಓದಿಸಿ.

ನಮ್ಮ ವರ್ಷ ಏಪ್ರಿಲ್ 22ಕ್ಕೆ ಇದ್ದ ಸಿಇಟಿ ಕೊರೊನಾ ಬಂದು ಜುಲೈ 30, 31ಕ್ಕೆ ಹೋಯಿತು. ಕೊಡಗಿನಲ್ಲಿ ಜುಲೈ ಕೊನೆ ಅಂದರೆ ನಿಮಗೆ ಹೇಳಬೇಕಾ? ಬಸ್ಸುಗಳು ಸರಿಯಾಗಿ ಇರಲಿಲ್ಲ. ಪಕ್ಕದ ಮನೆಯವರ ಪಿಕಪ್‌ನಲ್ಲಿ ಅಪ್ಪ, ನಾನು, ಇನ್ನಿಬ್ಬರು ಹುಡುಗರು ಬೆಳಗಿನ ಜಾವವೇ ಮಡಿಕೇರಿಗೆ ಹೊರಟೆವು. ಸೆಂಟರ್ ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಸ್ಯಾನಿಟೈಸರ್ ಹಾಕಿದರು, ಒಳಗೆ ಬಿಟ್ಟರು. ಅಂಗಿಯ ತೋಳು ಒದ್ದೆ. ಮುಖಕ್ಕೆ ಮಾಸ್ಕ್. ನನಗೆ ಕನ್ನಡಕ ಬೇರೆ. ಉಸಿರು ಬಿಟ್ಟಾಗೆಲ್ಲ ಗ್ಲಾಸ್ ಮಂಜಾಗುತ್ತಿತ್ತು.

ಬೆಳಿಗ್ಗೆ ಬಯಾಲಜಿ ಹೇಗೋ ಆಯಿತು. ಮಧ್ಯಾಹ್ನ 2.30ಕ್ಕೆ ಮ್ಯಾಥ್ಸ್. 27ನೇ ಪ್ರಶ್ನೆ ಬರಲಿಲ್ಲ. ಆಮೇಲೆ ನೋಡೋಣ ಅಂತ ಬಿಟ್ಟು 28 ಮಾಡಿದೆ. ಆದರೆ ಓಎಂಆರ್‌ನಲ್ಲಿ, ಅಂದರೆ ವೃತ್ತ ತುಂಬುವ ಉತ್ತರದ ಹಾಳೆಯಲ್ಲಿ, 28ರ ಉತ್ತರವನ್ನು 27ರ ಸಾಲಿಗೆ ತುಂಬಿದೆ. ಅಲ್ಲಿಂದ ಎಲ್ಲವೂ ಒಂದೊಂದು ಸಾಲು ಮೇಲೆ. 29ರದ್ದು 28ಕ್ಕೆ, 30ರದ್ದು 29ಕ್ಕೆ. ಜೋರಾಗಿ ಲೆಕ್ಕ ಮಾಡುತ್ತಾ ಖುಷಿಯಲ್ಲಿ ಹೋಗುತ್ತಿದ್ದೆ. 43ನೇ ಪ್ರಶ್ನೆಗೆ ಬಂದಾಗ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಶೀಟ್ ನೋಡಿದರೆ ಖಾಲಿ ಇರುವ ಸಾಲು 42.

ಆ ಕ್ಷಣ ಕೈ ತಣ್ಣಗಾಗಿದ್ದು ಈಗಲೂ ನೆನಪಿದೆ. ಪೆನ್ಸಿಲ್ ಆಗಿದ್ದರೆ ಒರೆಸಬಹುದಿತ್ತು. ನೀಲಿ ಇಲ್ಲಾ ಕಪ್ಪು ಬಾಲ್‌ಪೆನ್ನಲ್ಲೇ ತುಂಬಬೇಕು, ತುಂಬಿದ ಮೇಲೆ ಮುಗಿಯಿತು. ಒಂದೇ ಸಾಲಿನಲ್ಲಿ ಎರಡು ವೃತ್ತ ತುಂಬಿದರೆ ಆ ಪ್ರಶ್ನೆಗೆ ಅಂಕವೇ ಇಲ್ಲ. ಮೇಲ್ವಿಚಾರಕರನ್ನು ಬೇರೆ ಶೀಟ್ ಕೇಳಿದೆ. ಅವರು ತಲೆ ಅಲ್ಲಾಡಿಸಿದರು, ಪಾಪ ಅವರಾದರೂ ಏನು ಮಾಡುತ್ತಾರೆ. 42ರ ಉತ್ತರ ಅದರ ಸಾಲಿಗೇ ತುಂಬಿ ಮುಂದೆ ಹೋದೆ. ಆದರೆ ಮುಂದಿನ ಐದಾರು ನಿಮಿಷ ಪ್ರಶ್ನೆ ಓದುತ್ತಿದ್ದೆ ಅಷ್ಟೇ, ತಲೆಗೆ ಹೋಗುತ್ತಿರಲಿಲ್ಲ.

ಓಎಂಆರ್‌ನ ಕೆಳಗಿನ ಪ್ರತಿ ನಮಗೇ ಕೊಡುತ್ತಾರೆ. ಕೀ ಉತ್ತರ ಬಿಟ್ಟ ದಿನ ಅದನ್ನು ಹಾಸಿಗೆ ಮೇಲೆ ಹರಡಿಕೊಂಡು ಕೂಡಿಸಿದೆ. 28ರಿಂದ 41ರವರೆಗೆ ನಾನು ಮಾಡಿದ್ದರಲ್ಲಿ 11 ಸರಿ ಇತ್ತು. ಹಾಳಾದ 15 ಸಾಲಿನಲ್ಲಿ ಅದೃಷ್ಟಕ್ಕೆ ಹೊಂದಿದ್ದು 3. ಎಂಟು ಅಂಕ ಹೋಯಿತು. ಮೂರು ಸಬ್ಜೆಕ್ಟ್ ಸೇರಿ 180ಕ್ಕೆ ಎಂಟು. ಕೇಳೋಕೆ ಸಣ್ಣದು. ಆದರೆ ಅದೇ ಅಂಕದಲ್ಲಿ ಎಷ್ಟು ಜನ ಒತ್ತೊತ್ತಾಗಿ ಕೂತಿರುತ್ತಾರೆ ಗೊತ್ತಾ? ನನಗೆ ಬೇಕಿದ್ದ ಬ್ರಾಂಚ್ ಸಿಗಲಿಲ್ಲ. ಸಿವಿಲ್ ಸಿಕ್ಕಿತು. ಈಗ ಸಿವಿಲ್ ಇಷ್ಟವಾಗಿದೆ, ಅದು ಬೇರೆ ಮಾತು.

ಹಾಗಾಗಿ ನಾನು ಹೇಳುವುದು ಇಷ್ಟು. ಪೇಪರ್ ಬಿಡಿಸುವುದನ್ನಲ್ಲ, ಓಎಂಆರ್ ತುಂಬುವುದನ್ನು ಅಭ್ಯಾಸ ಮಾಡಿಸಿ. ಮನೆಯಲ್ಲಿ ಅವಳು ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಎ, ಬಿ, ಸಿ, ಡಿ ಅಂತ ಬರೆಯುತ್ತಿದ್ದರೆ ಅದು ಅರ್ಧ ಅಭ್ಯಾಸ ಅಷ್ಟೇ. 60 ವೃತ್ತ ತುಂಬೋಕೂ ಟೈಮ್ ಬೇಕು. ಒಂದಕ್ಕೆ ನಾಲ್ಕೈದು ಸೆಕೆಂಡ್ ಹಿಡಿದರೂ ಐದು ನಿಮಿಷ ಅದಕ್ಕೇ ಹೋಯಿತು. ನನ್ನ ಪ್ರಕಾರ ಒಂದು ಪುಟದ ಪ್ರಶ್ನೆ ಪೂರ್ತಿ ಮಾಡಿ, ಉತ್ತರಗಳನ್ನು ರಫ್ ಜಾಗದಲ್ಲಿ ಬರೆದುಕೊಂಡು, ಆಮೇಲೆ ಆ ಪುಟದ್ದೆಲ್ಲ ಒಟ್ಟಿಗೆ ತುಂಬಬೇಕು.

ಕೋಚಿಂಗ್: ನಾನು ಹೋಗಲಿಲ್ಲ, ಲಾಕ್‌ಡೌನ್‌ನಲ್ಲಿ ಹೋಗುವಂತೆಯೂ ಇರಲಿಲ್ಲ. ಆಗ ಸರ್ಕಾರದವರು ಗೆಟ್‌ಸೆಟ್‌ಗೋ ಅಂತ ಉಚಿತ ಆನ್‌ಲೈನ್ ಪಾಠ ಬಿಟ್ಟಿದ್ದರು. ಮನೆ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ವಿಡಿಯೋ ಓಡುತ್ತಿತ್ತು. ನಿಮ್ಮ ಕಣದ ಮೂಲೆ ಓದಿ ಅದು ನೆನಪಾಯಿತು.

—

ಉತ್ತರ: ನಿವೃತ್ತ ಫಿಸಿಕ್ಸ್ ಮೇಷ್ಟ್ರು, ವಿರಾಜಪೇಟೆ

ರೈಟರ್‌ ಅವರೇ, ಮೂವತ್ತು ವರ್ಷ ಪಿಯು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಿಮ್ಮ ಮಗಳ ಸಮಸ್ಯೆ ತೊಂಬತ್ತು ಭಾಗ ಮಕ್ಕಳದ್ದು. ಗಾಬರಿ ಬೇಡ.

ಅವಳು 41ಕ್ಕೆ ನಿಲ್ಲುವುದು ಯಾಕೆ ಅಂದರೆ, ಬೋರ್ಡ್ ಪರೀಕ್ಷೆ ಬರೆದ ಹಾಗೆ ಬರೆಯುತ್ತಿದ್ದಾಳೆ. ಅಲ್ಲಿ ಹೆಜ್ಜೆ ಹೆಜ್ಜೆಗೂ ಅಂಕ ಇದೆ. ಇಲ್ಲಿ ಹೆಜ್ಜೆಗೆ ಬೆಲೆ ಇಲ್ಲ, ಉತ್ತರಕ್ಕೆ ಮಾತ್ರ. 80 ನಿಮಿಷಕ್ಕೆ 60 ಪ್ರಶ್ನೆ ಅಂದರೆ ಒಂದಕ್ಕೆ 80 ಸೆಕೆಂಡು. ಕೆಲವು ಪ್ರಶ್ನೆಗೆ ಇಪ್ಪತ್ತು ಸೆಕೆಂಡು ಸಾಕು, ಕೆಲವಕ್ಕೆ ಮೂರು ನಿಮಿಷವೂ ಸಾಲದು. ಮೂರು ನಿಮಿಷದ ಪ್ರಶ್ನೆ ಮುಂದೆ ಕೂತು ಹಟ ಹಿಡಿದರೆ ಹಿಂದಿರುವ ಇಪ್ಪತ್ತು ಸೆಕೆಂಡಿನವು ಕೈಬಿಡುತ್ತವೆ. ಎರಡಕ್ಕೂ ಅಂಕ ಒಂದೇ! ನನ್ನ ಕ್ಲಾಸಿನ ಬುದ್ಧಿವಂತ ಮಕ್ಕಳೇ ಇದರಲ್ಲಿ ಸೋಲುತ್ತಿದ್ದರು. ಬಿಡೋಕೆ ಅವರಿಗೆ ಅವಮಾನ.

ಅದಕ್ಕೆ ಸುತ್ತು ಮಾಡಬೇಕು. ಮೊದಲ ಸುತ್ತಿನಲ್ಲಿ 1ರಿಂದ 60ರವರೆಗೆ ಓದಿ, ಬರುವುದನ್ನು ಮಾಡಿ, ಬರದಿದ್ದರೆ ಪಕ್ಕದಲ್ಲಿ ಗುರುತು ಹಾಕಿ ಮುಂದೆ. ಇದು 50 ನಿಮಿಷದೊಳಗೆ ಮುಗಿಯಬೇಕು. ಎರಡನೇ ಸುತ್ತಿನಲ್ಲಿ ಗುರುತು ಹಾಕಿದ್ದಕ್ಕೆ ಬರಬೇಕು. ಕೊನೆಯ ಐದು ನಿಮಿಷ ಏನು ಬಾಕಿ ಇದೆಯೋ ಎಲ್ಲವನ್ನೂ ತುಂಬಿಬಿಡಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ನೀಟ್‌ನಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತೆ, ಆ ಭಯವನ್ನು ಮಕ್ಕಳು ಇಲ್ಲಿಗೂ ತರುತ್ತಾರೆ. 19 ಸಾಲು ಖಾಲಿ ಬಿಟ್ಟು ಬರುವುದು ದೊಡ್ಡ ನಷ್ಟ. ಕಣ್ಣು ಮುಚ್ಚಿ ತುಂಬಿದರೂ ನಾಲ್ಕರಲ್ಲಿ ಒಂದು ಹೊಂದುವ ಸಾಧ್ಯತೆ ಇದೆ.

ಶನಿವಾರಸಂತೆಯ ಹುಡುಗ ಹೇಳಿದ ಪುಟದ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಪುಟ ಮುಗಿಸಿ ತುಂಬುತ್ತೇನೆ ಅಂತ ಹೋದವರು ಕೊನೆಯ ಪುಟದಲ್ಲಿ ಗಂಟೆ ಹೊಡೆದು ಸಿಕ್ಕಿಬಿದ್ದಿದ್ದನ್ನು ನೋಡಿದ್ದೇನೆ. ಒಂದು ಪ್ರಶ್ನೆ, ಒಂದು ವೃತ್ತ, ಆಗಲೇ. ಬೆರಳನ್ನು ಪ್ರಶ್ನೆ ಸಂಖ್ಯೆ ಮೇಲೆ ಇಟ್ಟುಕೊಂಡು ತುಂಬಬೇಕು. ಹುಡುಗನ ತಪ್ಪು ಬಿಟ್ಟಿದ್ದರಲ್ಲಿ ಅಲ್ಲ, ಸಂಖ್ಯೆ ನೋಡದೆ ತುಂಬಿದ್ದರಲ್ಲಿ.

ಮತ್ತೊಂದು. ಫಸ್ಟ್ ಪಿಯು ಪಾಠವನ್ನು ಮಕ್ಕಳು ಅಟ್ಟಕ್ಕೆ ಹಾಕಿರುತ್ತಾರೆ. ಸಿಇಟಿಗೆ ಎರಡೂ ವರ್ಷದ್ದು ಇದೆ. ಈ ತಿಂಗಳಲ್ಲಿ ಅದನ್ನು ಕೆಳಗಿಳಿಸಿ. ಹಾಗೆಯೇ ಪೇಪರ್‌ನಲ್ಲಿ ಗೊತ್ತೇ ಇಲ್ಲದ್ದು ಬಂದರೆ ಎದೆ ಒಡೆದುಕೊಳ್ಳಬಾರದು ಅಂತ ಈಗಲೇ ಹೇಳಿ. 2024ರಲ್ಲಿ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಯಿತಲ್ಲ. ಕೊನೆಗೆ 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರು. ಫಿಸಿಕ್ಸ್ 9, ಕೆಮಿಸ್ಟ್ರಿ 15, ಮ್ಯಾಥ್ಸ್ 15, ಬಯಾಲಜಿ 11. ಅವತ್ತು ಅಂಥ ಪ್ರಶ್ನೆ ಮುಂದೆ ಹತ್ತು ನಿಮಿಷ ಕೂತವರಿಗೆ ಆ ಹತ್ತು ನಿಮಿಷ ಯಾರೂ ವಾಪಸ್ ಕೊಡಲಿಲ್ಲ.

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ ಲೆಕ್ಕ. ಪಿಯುನಲ್ಲಿ 85 ಪರ್ಸೆಂಟ್ ಬಂದು ಸಿಇಟಿಯಲ್ಲಿ 180ಕ್ಕೆ 90 ಬಂದರೆ ಒಟ್ಟು 67.5. ಪಿಯುನಲ್ಲಿ 78 ಬಂದವನು ಸಿಇಟಿಯಲ್ಲಿ 108 ತೆಗೆದರೆ 69. ಅವನು ಮುಂದೆ. ನಿಮ್ಮ ಮಗಳ ಪಿಯು ಚೆನ್ನಾಗಿದೆ ಅಂತೀರಿ. ಹಾಗಾದರೆ ಅರ್ಧ ಗೆದ್ದಂತೆ. ಬಯಾಲಜಿ ಓದಿದ್ದಾಳೆ ಅಂದಮೇಲೆ ಅದನ್ನೂ ಬರೆಯಲಿ. ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜು ಇದೆ, ಕೃಷಿ, ಪಶುವೈದ್ಯಕೀಯ ಇದೆ. ಬಾಗಿಲು ತೆರೆದಿರಲಿ.

ಒಂದು ತಿಂಗಳಿಗೆ ಹಾಸ್ಟೆಲ್ ಬದಲಾಯಿಸಿ, ಊಟ ಬದಲಾಯಿಸಿ, ಹೊಸ ಮೇಷ್ಟ್ರ ಮುಖಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಹದಿನೈದು ದಿನ ಹೋಗುತ್ತೆ. ಮಗಳು ಬೇಡ ಅಂದರೆ ಬೇಡ. ಸಿಇಟಿ ನಡೆಸುವ ಕೆಇಎ (ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಹಳೇ ಪೇಪರ್‌ಗಳು ಪುಕ್ಕಟೆ ಸಿಗುತ್ತವೆ.

—

ಉತ್ತರ: ಕುಶಾಲನಗರ ಅಕ್ಕ

ರೈಟರ್ ಅಣ್ಣಾ, ನಾನು ಒಂದು ಹೈಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸರ್ಟಿಫಿಕೇಟ್ ವಿಷಯ ನನಗೆ ಬಿಡಿ. ಮೊದಲು ನೀವು ನಿದ್ದೆ ಮಾಡಿ.

ಸುಂಟಿಕೊಪ್ಪವನ್ನು ನಾವೆಲ್ಲ ಬಾಯಲ್ಲಿ ಪೇಟೆ ಅಂತೀವಿ. ದಾಖಲೆಯಲ್ಲಿ ಅದು ಗ್ರಾಮ ಪಂಚಾಯಿತಿ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ ಓದಿದ್ದರೆ ತೊಂದರೆ. 1ರಿಂದ 10ನೇ ತರಗತಿವರೆಗೆ ಒಂದು ವರ್ಷ ಆ ಕಡೆ ಓದಿದ್ದರೂ ಗ್ರಾಮೀಣ ಸಿಗುವುದಿಲ್ಲ. ಹೋದ ವರ್ಷ ನಮ್ಮ ಸ್ಕೂಲಿಗೆ ಒಬ್ಬರು ಬಂದಿದ್ದರು. ಒಂಬತ್ತು ವರ್ಷ ಹಳ್ಳಿ, ಒಂದೇ ಒಂದು ವರ್ಷ ಅಜ್ಜಿ ಮನೇಲಿ ಇದ್ದು ಕುಶಾಲನಗರದಲ್ಲಿ ಓದಿದ್ದ. ಹೋಯಿತು. ನಿಮ್ಮ ಭಾವನಿಗೆ ಇದನ್ನು ಹೇಳಿ, ಮುಂದಿನ ಸಲ ಬಂದಾಗ ಕಾಫಿ ಕೊಡಬೇಡಿ.

ಗ್ರಾಮೀಣಕ್ಕೆ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಸೀಟು ಇರುತ್ತೆ. ಎರಡೂ ಕೇಳಿದ್ದು ಒಳ್ಳೆಯದಾಯಿತು. ಮುಚ್ಚಿದ ಶಾಲೆಯ ದಾಖಲೆ ಹತ್ತಿರದ ಇನ್ನೊಂದು ಶಾಲೆಗೆ ಹೋಗಿರುತ್ತೆ. ಯಾವುದು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಆ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ. ಶಾಲೆಗೆ ಬೇಸಿಗೆ ರಜೆ ಶುರುವಾದರೆ ಮುಖ್ಯ ಶಿಕ್ಷಕರನ್ನು ಹುಡುಕಿಕೊಂಡು ಅವರ ಊರಿಗೇ ಹೋಗಬೇಕಾಗುತ್ತೆ. ಅದಕ್ಕೆ ಈ ವಾರವೇ ಹೋಗಿ. ಎಲ್ಲಾ ಕಡೆ ಹೆಸರಿನ ಇನಿಷಿಯಲ್ ಒಂದೇ ಇದೆಯಾ ನೋಡಿಕೊಳ್ಳಿ. ನನ್ನ ಅನುಭವದಲ್ಲಿ ಅರ್ಧ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಪರೀಕ್ಷೆ ದಿನದ ವಿಷಯಕ್ಕೆ ಬಂದರೆ, ಹೋದ ವರ್ಷ ನನ್ನ ಮಗನ ಜೊತೆ ಮಡಿಕೇರಿಗೆ ಹೋಗಿದ್ದೆ. ಬೆಳಿಗ್ಗೆ 10.30ರಿಂದ 11.50, ಮಧ್ಯಾಹ್ನ 2.30ರಿಂದ 3.50. ನಡುವೆ ಎರಡೂವರೆ ಗಂಟೆಗೂ ಜಾಸ್ತಿ ಇರುತ್ತೆ. ಅಷ್ಟು ಹೊತ್ತು ಮಕ್ಕಳು ಗುಂಪು ಕಟ್ಟಿಕೊಂಡು "ನಿಂಗೆ 14ಕ್ಕೆ ಏನು ಬಂತು" ಅಂತ ಶುರು ಮಾಡುತ್ತಾರೆ. ನನ್ನ ಮಗ ಅಲ್ಲೇ ಕೆಟ್ಟ. ಬೆಳಗಿನ ಪೇಪರ್‌ನಲ್ಲಿ ನಾಲ್ಕು ತಪ್ಪು ಅಂತ ಗೊತ್ತಾಗಿ ಮಧ್ಯಾಹ್ನಕ್ಕೆ ಸೋತ ಮುಖದಲ್ಲಿ ಒಳಗೆ ಹೋದ. ಮಗಳನ್ನು ಆ ಗುಂಪಿನಿಂದ ದೂರ ಕರೆದುಕೊಂಡು ಹೋಗಿ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ, ಎಲ್ಲಾದರೂ ನೆರಳಿನಲ್ಲಿ ಕೂರಿ. ಮೊಸರನ್ನ ಸಾಕು.

ವಾಚ್, ಮೊಬೈಲ್, ಕ್ಯಾಲ್ಕುಲೇಟರ್ ಯಾವುದೂ ಒಳಗೆ ಬಿಡುವುದಿಲ್ಲ. ಪ್ರವೇಶ ಪತ್ರ, ಗುರುತಿನ ಚೀಟಿ, ಎರಡು ಪೆನ್ನು. ನೀವು ಇರುವುದು ತೋಟದ ಒಳಗೆ, ಏಪ್ರಿಲ್‌ನಲ್ಲಿ ಹಲಸು ಬಲಿಯುತ್ತೆ, ಆನೆ ಎಲ್ಲಿ ನಿಂತಿರುತ್ತೋ ಹೇಳೋಕಾಗಲ್ಲ. ಆಗೋದಾದರೆ ಹಿಂದಿನ ದಿನವೇ ಮಡಿಕೇರಿಯಲ್ಲಿ ನೆಂಟರ ಮನೆಗೆ ಹೋಗಿ ಉಳಿಯಿರಿ. ಸೆಂಟರ್ ಒಮ್ಮೆ ನೋಡಿ ಬಂದರೆ ಮಗುವಿಗೂ ಧೈರ್ಯ.

—

ಉತ್ತರ: ತೋಟದ ರೈಟರ್, ಸುಂಟಿಕೊಪ್ಪ

ಎಲ್ಲರಿಗೂ ಕೈ ಮುಗಿದೆ. ನಾಲ್ಕು ದಿನ ಕರಿಮೆಣಸು ಕುಯ್ಲಿನ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ಅಕ್ಕಾ, ಬಿಇಒ ಕಚೇರಿಗೆ ಹೋಗಿ ಬಂದೆ. ನೀವು ಹೇಳಿದ ಹಾಗೇ ಆಯಿತು, ದಾಖಲೆ ಪಕ್ಕದೂರಿನ ಶಾಲೆಯಲ್ಲಿದೆ. ಇನಿಷಿಯಲ್ ನೋಡಿದೆ. ಒಂದು ಕಡೆ ಅಪ್ಪನ ಹೆಸರಿನದ್ದು ಮಾತ್ರ ಇದೆ, ಇನ್ನೊಂದು ಕಡೆ ಊರಿನದ್ದೂ ಸೇರಿದೆ. ಮುಖ್ಯ ಶಿಕ್ಷಕರು ಸರಿ ಮಾಡಿಕೊಡುತ್ತೇನೆ ಅಂದಿದ್ದಾರೆ. ನೀವು ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ.

ಶನಿವಾರಸಂತೆ ತಮ್ಮಾ, ನಿನ್ನ 27ನೇ ಸಾಲಿನ ಕಥೆ ಓದಿ ನನ್ನ ಹೊಟ್ಟೆಯಲ್ಲಿ ಒಂದು ಥರ ಆಯಿತು. ಯಾಕೆ ಅಂದರೆ ಅದು ನನ್ನ ಕಸುಬಿನ ತಪ್ಪು. ಚೆಕ್‌ರೋಲ್ ಅಂದರೆ ಎಡಗಡೆ ಹೆಸರು, ಬಲಗಡೆ ತಿಂಗಳ ಅಷ್ಟೂ ತಾರೀಖಿನ ಮನೆಗಳು. ಎಂಬತ್ತು ಜನರ ಹಾಜರಿ. ಒಬ್ಬರ ಹೆಸರು ತಪ್ಪಿದರೆ ಅವರ ಕೆಳಗಿನವರೆಲ್ಲ ಒಂದು ಸಾಲು ಮೇಲೆ ಹೋಗುತ್ತಾರೆ. ಕೆಲಸಕ್ಕೆ ಬಂದವರಿಗೆ ಸಂಬಳ ಇಲ್ಲ, ಮನೇಲಿ ಮಲಗಿದ್ದವನಿಗೆ ಸಂಬಳ. ನಾನು ಸೇರಿದ ಮೊದಲ ವರ್ಷ ಹೀಗೇ ಮಾಡಿ ಬಟವಾಡೆ ದಿನ ಇಡೀ ಲೈನಿನ ಹೆಂಗಸರ ಕೈಲಿ ಬೈಸಿಕೊಂಡಿದ್ದೆ. ಆಗ ಹಳೇ ರೈಟರ್ ಒಬ್ಬರು ಹೇಳಿಕೊಟ್ಟರು. ಸಾಲಿನ ಕೆಳಗೆ ಒಂದು ದಪ್ಪ ಕಾಗದದ ಅಂಚು ಇಟ್ಟುಕೋ, ಹತ್ತು ಹೆಸರಿಗೆ ಒಮ್ಮೆ ನಿಂತು ಸಂಖ್ಯೆ ಕೂಗಿ ನೋಡು. ಅವತ್ತಿಂದ ತಪ್ಪಿಲ್ಲ.

ಇದನ್ನೇ ಮಗಳಿಗೆ ಹೇಳಿದೆ. ಪ್ರಶ್ನೆಪತ್ರಿಕೆಯ ಅಂಚನ್ನೇ ಓಎಂಆರ್ ಸಾಲಿನ ಕೆಳಗೆ ಇಟ್ಟುಕೊಳ್ಳುವುದು. 10, 20, 30ಕ್ಕೆ ಬಂದಾಗ ಒಂದು ಉಸಿರು ನಿಂತು, ಪ್ರಶ್ನೆಯ ಸಂಖ್ಯೆ ಮತ್ತು ಸಾಲಿನ ಸಂಖ್ಯೆ ಒಂದೇನಾ ನೋಡುವುದು. ತಪ್ಪಾಗಿದ್ದರೂ ಹತ್ತರ ಒಳಗೆ ಸಿಗುತ್ತೆ, ಹದಿನೈದಕ್ಕೆ ಹೋಗುವುದಿಲ್ಲ. ಮೇಷ್ಟ್ರೇ, ನೀವು ಹೇಳಿದಂತೆ ಆಗಲೇ ತುಂಬುವುದೇ ಅವಳಿಗೂ ಸರಿ ಅನ್ನಿಸಿತು. ಪುಟ ಪೂರ್ತಿ ಮಾಡಿ ತುಂಬುವುದನ್ನೂ ಒಂದು ಸಲ ಮಾಡಿ ನೋಡಿದಳು, ಎರಡು ಕಡೆ ಬರೆಯುವ ಕೆಲಸ ಆಯಿತು ಅಂದಳು.

ಓಎಂಆರ್ ಶೀಟ್ ನಾನೇ ಮಾಡಿದೆ. ಖಾಲಿ ಚೆಕ್‌ರೋಲ್ ಹಾಳೆಯ ಹಿಂಬದಿಯಲ್ಲಿ ಪೆನ್ನಿನ ಕ್ಯಾಪ್ ಒತ್ತಿ ಒತ್ತಿ 240 ವೃತ್ತ. ಒಂದು ರಾತ್ರಿ ಪೂರ್ತಿ ಆಯಿತು. ಸುಂಟಿಕೊಪ್ಪದಲ್ಲಿ ಅದನ್ನು ಇಪ್ಪತ್ತು ಜೆರಾಕ್ಸ್ ಮಾಡಿಸಿದೆ. ವೃತ್ತ ಸ್ವಲ್ಪ ದೊಡ್ಡದಾಯಿತು ಅಂತ ಮಗಳ ದೂರು.

ಭಾನುವಾರ ಪರೀಕ್ಷೆಯ ಹಾಗೇ 10.30ಕ್ಕೆ ಕೂರಿಸಿದೆ. ವಾಚ್ ಇಲ್ಲ ಅಂತ ಅಕ್ಕ ಹೇಳಿದರಲ್ಲ, ಹಾಗಾಗಿ ಗೋಡೆ ಗಡಿಯಾರವನ್ನೂ ತೆಗೆದಿಟ್ಟೆ. ಟೈಮ್ ಗೊತ್ತಾಗಬೇಕಲ್ಲ ಅಂತ ಹಾಜರಿಗೆ ಹೊಡೆಯುವ ಕಬ್ಬಿಣದ ಕಂಬಿ ತುಂಡಿಗೆ 50ನೇ ನಿಮಿಷಕ್ಕೆ ಮೆಲ್ಲಗೆ ಒಂದೇಟು ಹಾಕಿದೆ. ಮೆಲ್ಲಗೆ ಅಂತ ನನ್ನ ಲೆಕ್ಕ. ಎರಡು ನಿಮಿಷಕ್ಕೆ ಲೈನಿನಿಂದ ಇಬ್ಬರು ತಲೆಗೆ ಬಟ್ಟೆ ಸುತ್ತಿಕೊಂಡು ಬಂದು, "ರೈಟ್ರೇ, ಇವತ್ತೂ ಕೆಲಸ ಇದೆಯಾ?" ಅಂತ ನಿಂತರು. ಒಳಗಿಂದ ಮಗಳು ನಗೋಕೆ ಶುರು ಮಾಡಿ ಅವಳ ಮೂರು ನಿಮಿಷ ಹೋಯಿತು.

ಅಷ್ಟಾದರೂ ಮ್ಯಾಥ್ಸ್‌ನಲ್ಲಿ 60ನೇ ಪ್ರಶ್ನೆ ಮುಟ್ಟಿದಳು. ಮೊದಲ ಸುತ್ತಿನಲ್ಲಿ 34 ಮಾಡಿದ್ದಳು, ಎರಡನೇ ಸುತ್ತಿನಲ್ಲಿ 11. ಉಳಿದ 15 ಕೊನೆಗೆ ಸುಮ್ನೆ ತುಂಬಿದ್ದು. ಕೀ ನೋಡಿದರೆ 60ಕ್ಕೆ 37 ಬಂತು. ಮೊದಲೆಲ್ಲ 28, 30 ಬರುತ್ತಿತ್ತು. ಸುಮ್ನೆ ತುಂಬಿದ 15ರಲ್ಲಿ 4 ಸರಿ. ಅದಕ್ಕೇ ಅವಳಿಗೆ ಜಾಸ್ತಿ ಖುಷಿ, ಕದ್ದ ಹಣ್ಣಿನ ಹಾಗೆ.

ಗೋಣಿಕೊಪ್ಪದವರೇ, ದುಡ್ಡು ಲೆಕ್ಕ ಹಾಕಬಾರದು ಅಂದಿರಿ. ನನ್ನ ಕೆಲಸವೇ ಲೆಕ್ಕ ಹಾಕುವುದು, ತಪ್ಪು ತಿಳಿಯಬೇಡಿ. ಮೈಸೂರಿಗೆ ಕಳಿಸುವುದಿಲ್ಲ ಅಂತ ತೀರ್ಮಾನ ಆಯಿತು. ಬೇಡ ಅಂದಿದ್ದು ಯಾಕೆ ಅಂತ ನಿನ್ನೆ ಅವಳೇ ಹೇಳಿದಳು. ದುಡ್ಡಿಗೂ ಇರಬಹುದು. ಆದರೆ ಬಾಯಲ್ಲಿ ಹೇಳಿದ್ದು, "ಅಲ್ಲಿ ಎಲ್ಲರೂ ಇಂಗ್ಲಿಷ್‌ನಲ್ಲಿ ಡೌಟ್ ಕೇಳ್ತಾರೆ ಅಪ್ಪ, ನಂಗೆ ಒಂದು ತಿಂಗಳು ಬಾಯಿ ಮುಚ್ಚಿಕೊಂಡು ಕೂರೋಕೆ ಇಷ್ಟ ಇಲ್ಲ."

ಅದಕ್ಕೇ ಒಂದು ಕೊನೆಯ ಪ್ರಶ್ನೆ ಮೇಷ್ಟ್ರಿಗೆ. ಸಿಇಟಿ ಕನ್ನಡದಲ್ಲೂ ಬರೆಯಬಹುದಂತೆ. ನಾವು ಇಂಗ್ಲಿಷ್ ಕೊಟ್ಟಿದ್ದೇವೆ. ತಪ್ಪು ಮಾಡಿದೆವಾ?

—

ಉತ್ತರ: ನಿವೃತ್ತ ಫಿಸಿಕ್ಸ್ ಮೇಷ್ಟ್ರು, ವಿರಾಜಪೇಟೆ

ತಪ್ಪಿಲ್ಲ. ಎರಡು ವರ್ಷ ಯಾವ ಭಾಷೆಯಲ್ಲಿ ಪಿಯು ಓದಿ ಬರೆದಳೋ ಅದೇ ಇರಲಿ. ಅವಳಿಗೆ ಈಗ ಕೆಪ್ಯಾಸಿಟರ್ ಅಂದರೆ ತಕ್ಷಣ ಚಿತ್ರ ಕಣ್ಣ ಮುಂದೆ ಬರುತ್ತೆ. ಧಾರಕ ಅಂದರೆ ಎರಡು ಸೆಕೆಂಡು ಯೋಚಿಸಬೇಕು. 80 ಸೆಕೆಂಡಿನಲ್ಲಿ ಎರಡು ಸೆಕೆಂಡು ಜಾಸ್ತಿಯೇ. ಮಗಳಿಗೆ ಹೇಳಿ, ನನ್ನ ಬಳಿ ಯಾವ ಡೌಟನ್ನಾದರೂ ಕನ್ನಡದಲ್ಲೇ ಕೇಳಬಹುದು. ಇಲ್ಲೇ ಬರೆಯಲಿ, ಸಂಜೆ ಉತ್ತರ ಕೊಡುತ್ತೇನೆ.

—

ಉತ್ತರ: ಶನಿವಾರಸಂತೆ ಸಿವಿಲ್

ಅಂಕಲ್, ಹತ್ತಕ್ಕೊಮ್ಮೆ ನಿಲ್ಲುವುದು ನನಗೆ ಹೊಳೆದೇ ಇರಲಿಲ್ಲ. ಸೈಟಿನಲ್ಲಿ ಸಿಮೆಂಟ್ ಮೂಟೆ ಎಣಿಸುವಾಗ ಹಾಗೇ ಮಾಡುತ್ತೇವೆ, ನೋಡಿ.

ಎರಡು ವಿಷಯ ಬಿಟ್ಟಿದ್ದೆ. ಒಂದು, ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ವರ್ಷನ್ ಕೋಡ್ ನೋಡಿ ಓಎಂಆರ್‌ನಲ್ಲಿ ಸರಿಯಾಗಿ ತುಂಬಬೇಕು. ಪಕ್ಕದವರ ವರ್ಷನ್ ಬೇರೆ ಇರುತ್ತೆ, ಪ್ರಶ್ನೆಗಳ ಕ್ರಮವೇ ಬೇರೆ. ಕೋಡ್ ತಪ್ಪಾದರೆ ನನ್ನ ಎಂಟು ಅಂಕ ಏನೂ ಅಲ್ಲ. ಎರಡು, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿ ಕೊಡುವುದು) ಬಂದಾಗ ಸಿಗಬಹುದು ಅನ್ನಿಸಿದ್ದನ್ನು ಮೊದಲು ಹಾಕಬೇಡಿ, ಬೇಕಾಗಿದ್ದನ್ನು ಮೊದಲು ಹಾಕಿ. ಮೇಲೆ ಹಾಕಿದ್ದು ಸಿಗದಿದ್ದರೆ ಕೆಳಗಿನದ್ದಕ್ಕೆ ತಾನಾಗಿ ಬರುತ್ತೆ, ನಷ್ಟ ಇಲ್ಲ. ಮನೆಗೆ ಹತ್ತಿರ ಬೇಕು ಅಂದರೆ ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನೂ ಪಟ್ಟಿಯಲ್ಲಿ ಇಡಿ. ಅದೆಲ್ಲ ರ‍್ಯಾಂಕ್ ಬಂದ ಮೇಲೆ. ಆಗ ಇನ್ನೊಂದು ಪ್ರಶ್ನೆ ಹಾಕಿ, ಛಾಯ್ಸ್ 1, 2, 3, 4 ಅಂದರೆ ಏನು ಅಂತ ಕೂತು ಹೇಳುತ್ತೇನೆ.

—

ಉತ್ತರ: ತೋಟದ ರೈಟರ್, ಸುಂಟಿಕೊಪ್ಪ

ವರ್ಷನ್ ಕೋಡ್‌ಗೆ ನನ್ನ ಶೀಟಿನಲ್ಲಿ ಜಾಗವೇ ಬಿಟ್ಟಿರಲಿಲ್ಲ. ಮೇಲೆ ಒಂದು ಚೌಕ ಎಳೆದು ಹೊಸದಾಗಿ ಜೆರಾಕ್ಸ್ ಮಾಡಿಸಬೇಕು. ಈ ಸಲ ಬಟನ್ ಒತ್ತಿ ಸಣ್ಣ ವೃತ್ತ ಹಾಕುತ್ತೇನೆ.

ಇವತ್ತು ಸಂಜೆ ಒಳ್ಳೇ ಮಳೆ ಬಂತು, ಗುಡುಗು ಸಮೇತ. ಕರೆಂಟ್ ಹೋಗಿದೆ. ಕಣದಲ್ಲಿ ನಿಲ್ಲೋಕೆ ಆಗದೆ ಗೋಡೌನ್ ಬಾಗಿಲಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಮಗಳು ಎಮರ್ಜೆನ್ಸಿ ಲೈಟ್ ಇಟ್ಟುಕೊಂಡು ಕೆಮಿಸ್ಟ್ರಿ ಪೇಪರ್‌ಗೆ ಕೂತಿದ್ದಾಳೆ. 50 ನಿಮಿಷಕ್ಕೆ ಬಂದು ಹೇಳಿ ಸಾಕು, ಕಂಬಿ ಮುಟ್ಟಬೇಡಿ ಅಂತ ಆಜ್ಞೆ ಆಗಿದೆ. ಇನ್ನು ಹನ್ನೆರಡು ನಿಮಿಷ ಇದೆ.